ಒಂದು ಮೊಳ ಹಾಡು

ಕೇಳುಗರಿಗೆ ನಮಸ್ಕಾರ.

ಆಲ್ಬಂ ಎಂಬ ಮಾತು ನಮ್ಮ ಕಡೆಯ ಮನೆಗಳಿಗೆ ಮೊದಲು ಬಂದದ್ದು ಮದುವೆಯ ಫೋಟೋಗಳ ಜೊತೆಯಲ್ಲಿ. ಹಾಡುಗಳ ಆಲ್ಬಮ್ಮನ್ನು ನಾವು ಕ್ಯಾಸೆಟ್ಟು ಎಂದು ಕರೆದೆವು. ಪತ್ರಿಕೆಗಳಲ್ಲಿ ಧ್ವನಿಸುರುಳಿ ಎಂದು ಬರೆಯುತ್ತಿದ್ದರು. ಫೋಟೋ ಆಲ್ಬಂ ತೆರೆದರೆ ಯಾವ ವರ್ಷ ಯಾರು ಹೇಗಿದ್ದರು ಎಂದು ಕಾಣುತ್ತದೆ. ಧ್ವನಿಸುರುಳಿಯಲ್ಲಿ ನಮ್ಮ ಮುಖ ಎಲ್ಲೂ ಇರುವುದಿಲ್ಲ, ಆದರೂ ನನ್ನ ಮಟ್ಟಿಗೆ ಬದುಕಿನ ಒಂದೊಂದು ಕಾಲವೂ ಒಂದೊಂದು ಧ್ವನಿಸುರುಳಿಯ ಹೆಸರಿನಲ್ಲೇ ನೆನಪಾಗುತ್ತದೆ. ಅವುಗಳಲ್ಲಿ ಹೆಚ್ಚಿನವನ್ನು ನಾನು ಆರಿಸಿ ತಂದವಳಲ್ಲ. ಯಾರೋ ತಂದರು, ಮನೆಯಲ್ಲಿ ಅದೊಂದೇ ಇತ್ತು, ಆದ್ದರಿಂದ ಅದನ್ನೇ ಕೇಳಿದೆವು. ಹಾಡು ಬಾಯಿಗೆ ಬಂದ ಎಷ್ಟೋ ವರ್ಷಗಳ ಮೇಲೆ ಅದರ ಅರ್ಥ ಬಂತು. ಕೆಲವಕ್ಕೆ ಹತ್ತು ವರ್ಷ, ಕೆಲವಕ್ಕೆ ಇಪ್ಪತ್ತು ವರ್ಷ ಹಿಡಿಯಿತು. ಅಂಥ ಕೆಲವು ಧ್ವನಿಸುರುಳಿಗಳ ವಿಷಯವನ್ನು ಇಂದು ನಿಮ್ಮೊಡನೆ ಹಂಚಿಕೊಳ್ಳುತ್ತೇನೆ.

ಸಾಗರ ತಾಲ್ಲೂಕಿನ ಒಂದು ಅಡಿಕೆ ತೋಟದ ನಡುವೆ ನಮ್ಮ ಮನೆ ಇತ್ತು. ಹಾಡು ಎಂದರೆ ಟೇಪ್ ರೆಕಾರ್ಡರ್ ಬರುವವರೆಗೆ ನಮಗೆ ಭದ್ರಾವತಿ ಆಕಾಶವಾಣಿ. ರೇಡಿಯೋದ ಹಾಡು ಅತಿಥಿಯ ಹಾಗೆ: ಬಂದಾಗ ಸಂತೋಷ, ಹೊರಟು ನಿಂತರೆ ತಡೆಯುವಂತಿಲ್ಲ, ಮತ್ತೆ ಯಾವಾಗ ಬರುತ್ತದೆಂದು ಕೇಳುವಂತಿಲ್ಲ. ಬೆಂಗಳೂರಿನಲ್ಲಿ ನೌಕರಿಯಲ್ಲಿದ್ದ ಚಿಕ್ಕಪ್ಪ ಒಂದು ದೀಪಾವಳಿಗೆ ಟೇಪ್ ರೆಕಾರ್ಡರ್ ತಂದಾಗ, ಅಪ್ಪಯ್ಯ ಒಂದೇ ಹಾಡನ್ನು ಅದೇ ಸಂಜೆ ಮೂರು ಸಲ ಹಾಕಿಸಿ ಕೇಳಿದರು. ಹೋದ ಹಾಡನ್ನು ಕರೆದರೆ ಬರುತ್ತದೆ ಎಂಬುದನ್ನು ಅವರಿಗೆ ನಂಬಲಾಗಲಿಲ್ಲ. ಮನೆಗೆ ಕರೆಂಟು ಬಂದಿರಲಿಲ್ಲ, ದೊಡ್ಡ ಸೆಲ್ಲುಗಳ ಮೇಲೆ ಅದು ನಡೆಯಬೇಕಿತ್ತು. ಸೆಲ್ಲು ಸೋತಂತೆ ಹಾಡುವವರ ದನಿ ಎಳೆಯತೊಡಗುತ್ತಿತ್ತು. ಆಗ ಸೆಲ್ಲುಗಳನ್ನು ತೆಗೆದು ಅಂಗಳದಲ್ಲಿ ಅಡಿಕೆ ಹರವಿದ ಚಾಪೆಯ ಅಂಚಿಗೆ ಬಿಸಿಲಿಗೆ ಇಡುತ್ತಿದ್ದೆವು. ಸಂಜೆಗೆ ಇನ್ನೆರಡು ಹಾಡಿಗಾಗುವಷ್ಟು ಜೀವ ಬರುತ್ತಿತ್ತು.

ಆ ಟೇಪ್ ರೆಕಾರ್ಡರಿನ ಜೊತೆಗೆ ಬಂದ ಒಂದೇ ಕ್ಯಾಸೆಟ್ಟು ‘ನಿತ್ಯೋತ್ಸವ’. ಕೆ.ಎಸ್. ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿಯವರು ರಾಗ ಹಾಕಿದ್ದು. 1978ರಲ್ಲಿ ಹೊರಬಂದ ಅದು ಕನ್ನಡ ಸುಗಮ ಸಂಗೀತದ ಮೊದಲ ಧ್ವನಿಸುರುಳಿ ಎಂದು ಹೆಸರಾಗಿದೆ. ಅದಕ್ಕೂ ಮೊದಲು ಪಿ. ಕಾಳಿಂಗರಾಯರು ಕನ್ನಡ ಕವಿತೆಗಳನ್ನು ಊರೂರಿಗೆ ಕೊಂಡೊಯ್ದು ಹಾಡಿದ್ದರು. ಆದರೆ ಅವರ ಕಾಲದ, ನಿಮಿಷಕ್ಕೆ 78 ಸುತ್ತು ತಿರುಗುವ ಗ್ರಾಮಫೋನ್ ತಟ್ಟೆಯ ಒಂದು ಬದಿಯಲ್ಲಿ ಮೂರು ನಿಮಿಷದ ಆಸುಪಾಸಿನ ಒಂದು ಹಾಡಿಗಷ್ಟೇ ಜಾಗವಿತ್ತು. ಕ್ಯಾಸೆಟ್ಟು ಬಂದಾಗ ಬದಿಗೆ ಅರ್ಧ ಗಂಟೆ ಸಿಕ್ಕಿತು, ಒಬ್ಬ ಕವಿಯ ಹಲವು ಕವಿತೆಗಳು ಒಂದೇ ಮನೆಯ ಮಕ್ಕಳ ಹಾಗೆ ಸಾಲಾಗಿ ಕೂರುವುದು ಸಾಧ್ಯವಾಯಿತು. ಜೋಗ, ತುಂಗೆ, ಸಹ್ಯಾದ್ರಿ ಎಂದು ಹಾಡಿನಲ್ಲಿ ಬಂದಾಗ ನಮಗೆ ಹೆಮ್ಮೆಯಾಗುತ್ತಿತ್ತು, ಏಕೆಂದರೆ ಜೋಗ ನಮ್ಮ ತಾಲ್ಲೂಕಿನದೇ. ಸಹ್ಯಾದ್ರಿಯ ಜೊತೆಗೆ ಲೋಹದ ಅದಿರಿನ ಮಾತು ಏಕೆ ಬಂತೆಂದು ಮಾತ್ರ ತಿಳಿಯುತ್ತಿರಲಿಲ್ಲ. ಬೆಟ್ಟವೆಂದರೆ ಹಸಿರು, ಮಳೆ, ಮಂಜು ಎಂದು ಹಾಡುವುದನ್ನು ಬಿಟ್ಟು ನೆಲದೊಳಗಿನ ಅದಿರನ್ನು ಯಾರು ಹಾಡುತ್ತಾರೆ? ನಿಸಾರ್ ಅಹಮದ್ ಅವರು ಭೂವಿಜ್ಞಾನದ ಅಧ್ಯಾಪಕರು, ಶಿವಮೊಗ್ಗದ ಸಹ್ಯಾದ್ರಿ ಕಾಲೇಜಿನಲ್ಲೂ ಪಾಠ ಹೇಳಿದವರು ಎಂದು ತಿಳಿದದ್ದು ನಾನು ಕಾಲೇಜು ಸೇರಿದ ಮೇಲೆ. ಬೆಟ್ಟದ ಒಳಗನ್ನು ಬಲ್ಲವರು ಬರೆದ ಸಾಲು ಅದು. ಆ ದಿನದಿಂದ ಆ ಸಾಲು ನನಗೆ ಇಡೀ ಹಾಡಿನಲ್ಲಿ ಎಲ್ಲಕ್ಕಿಂತ ಹೆಚ್ಚು ಪ್ರಿಯವಾಗಿದೆ.

ಹೈಸ್ಕೂಲಿನ ಕಾಲ ಎಂದರೆ ನನಗೆ ‘ಮೈಸೂರು ಮಲ್ಲಿಗೆ’. ಕೆ.ಎಸ್. ನರಸಿಂಹಸ್ವಾಮಿಯವರ ಆ ಕವನ ಸಂಕಲನ 1942ರಲ್ಲಿ ಅಚ್ಚಾದದ್ದು. ನಮ್ಮ ಮನೆಗೆ ಅದು ಬಂದದ್ದು ಸಿ. ಅಶ್ವತ್ಥರ ರಾಗಗಳಲ್ಲಿ. ಅದರಲ್ಲಿ, ರಾತ್ರಿ ಹೊತ್ತಿನಲ್ಲಿ ಮಾವನ ಮನೆಗೆ ಬಂದಿಳಿಯುವ ರಾಯರ ಹಾಡು ನಿಮಗೆಲ್ಲ ಗೊತ್ತೇ ಇದೆ. ರಾಯರಿಗೆ ಉಪಚಾರವೆಲ್ಲ ನಡೆಯುತ್ತದೆ, ಆದರೆ ಹೆಂಡತಿ ಪದುಮ ಮಾತ್ರ ಕಾಣುವುದಿಲ್ಲ. ಒಳಗಿಲ್ಲ ಎನ್ನುತ್ತದೆ ಹಾಡು. ಎಲ್ಲಿಗೆ ಹೋದಳು ಎಂಬುದು ನನ್ನ ಪ್ರಶ್ನೆ. ನೆರೆಮನೆಗೆ ಹೋಗಿರಬೇಕು, ಮುನಿಸಿಕೊಂಡಿರಬೇಕು, ರಾಯರು ಬರುವ ಸುದ್ದಿ ತಿಳಿಯದೆ ಮಲಗಿರಬೇಕು ಎಂದೆಲ್ಲ ನಾನೂ ತಮ್ಮನೂ ಊಹಿಸುತ್ತಿದ್ದೆವು.

ಒಂಬತ್ತನೇ ತರಗತಿಯಲ್ಲಿರುವಾಗ ನಾನು ಹೊರಗೆ ಕೂರುವ ಕಾಲ ಬಂತು. ಆಗಿನ ಪದ್ಧತಿ ಅದು: ಮೂರು ದಿನ ಹಿಂಬದಿಯ ಜಗಲಿಯಲ್ಲಿ ಬೇರೆ ಚಾಪೆ, ಬೇರೆ ತಟ್ಟೆ, ನಡುಮನೆಗೆ ಕಾಲಿಡುವಂತಿಲ್ಲ, ಯಾವುದನ್ನೂ ಮುಟ್ಟುವಂತಿಲ್ಲ. ಆ ಮೂರು ದಿನಗಳಲ್ಲಿ ನನಗೆ ಊಟ ತಿಂಡಿಗಿಂತ ದೊಡ್ಡ ಚಿಂತೆಯಾಗಿದ್ದದ್ದು ಕ್ಯಾಸೆಟ್ಟು. ತಮ್ಮನನ್ನು ಕರೆದು ಹಾಕಿಸುತ್ತಿದ್ದೆ. ಬದಿ ಮುಗಿದು ಗುಂಡಿ ಟಪ್ಪೆಂದು ಮೇಲೆ ಹಾರಿದ ಸದ್ದು ಕೇಳಿದರೂ ನಾನು ಏಳುವಂತಿರಲಿಲ್ಲ. ಅವನು ತೋಟದಿಂದ ಬರುವವರೆಗೆ ಕಾದು, “ಮಗುಚಿ ಹಾಕೋ” ಎಂದರೆ, “ಯಾವ ಸೈಡು ಅಕ್ಕಾ?” ಎಂದು ಅವನು ಒಳಗಿನಿಂದ ಕೂಗುತ್ತಿದ್ದ. ಹಾಗೆ ಗೋಡೆಯ ಆಚೆಯಿಂದ ರಾಯರ ಹಾಡು ಬರುತ್ತಿದ್ದಾಗ, ಬಾವಿಕಟ್ಟೆಯಲ್ಲಿ ಪಾತ್ರೆ ತೊಳೆಯುತ್ತಿದ್ದ ಅತ್ತೆಯನ್ನು ಕೇಳಿಯೇಬಿಟ್ಟೆ, ಪದುಮ ಎಲ್ಲಿಗೆ ಹೋದಳು ಎಂದು. ಅತ್ತೆ ಕೈಯ ಬೂದಿ ಕೊಡವಿಕೊಂಡು ನನ್ನ ಚಾಪೆಯ ಕಡೆ ನೋಡಿ, “ಅಯ್ಯೋ ಮಾರಾಯ್ತಿ, ಒಳಗಿಲ್ಲ ಅಂದ್ರೆ ನಿನ್ನ ಹಂಗೇ ಹೊರಗೆ ಕೂತಿದಾಳೆ” ಎಂದರು. ಆ ಹೊತ್ತಿನಲ್ಲಿ ನನಗೆ ನಾಚಿಕೆಗಿಂತ ಹೆಚ್ಚಾಗಿ ಆದದ್ದು ಒಂದು ಬಗೆಯ ನೆಮ್ಮದಿ. ಅಷ್ಟು ದಿನ ಒಳಗೆ ಕೂತು ಹುಡುಕಿದ ಪದುಮ ಇಲ್ಲೇ, ನನ್ನ ಪಕ್ಕದಲ್ಲೇ, ಕತ್ತಲ ಜಗಲಿಯಲ್ಲಿ ಕೂತು ಗಂಡನ ದನಿಯನ್ನು ಕೇಳಿಸಿಕೊಳ್ಳುತ್ತಿದ್ದಾಳೆ ಎನ್ನಿಸಿತು. ಮುಟ್ಟು ಎಂಬ ಮಾತನ್ನು ಎಲ್ಲೂ ಆಡದೆ ಅದರ ಮೇಲೆಯೇ ಇಡೀ ಕವಿತೆಯನ್ನು ನಿಲ್ಲಿಸಿದ ಆ ಕವಿಯ ಬಗ್ಗೆ ಅಂದು ಹುಟ್ಟಿದ ಗೌರವ ಇನ್ನೂ ಕಡಿಮೆಯಾಗಿಲ್ಲ. ಆ ಪದ್ಧತಿಯ ಮೇಲಿನ ನನ್ನ ಸಿಟ್ಟೂ ಹಾಗೆಯೇ ಇದೆ.

ಅದೇ ಕ್ಯಾಸೆಟ್ಟಿಗೆ ಮುಂದಿನ ಮಳೆಗಾಲದಲ್ಲಿ ಒಂದು ಅನಾಹುತವಾಯಿತು. ತೇವ ಹಿಡಿದ ಟೇಪು ಯಂತ್ರದ ರಬ್ಬರ್ ಉರುಳೆಗೆ ಸುತ್ತಿಕೊಂಡು ನುರಿದುಹೋಯಿತು. ತಮ್ಮ ಅದನ್ನು ಬಿಡಿಸಿ, ಹಾಳಾದಷ್ಟನ್ನು ಬ್ಲೇಡಿನಿಂದ ಕತ್ತರಿಸಿ, ಎರಡು ತುದಿಗಳನ್ನು ಸೆಲ್ಲೋಟೇಪಿನ ಸಣ್ಣ ತುಂಡಿನಿಂದ ಅಂಟಿಸಿ, ಪೆನ್ಸಿಲ್ ತೂರಿಸಿ ಸುತ್ತಿ ಸರಿಮಾಡಿದ. ಹೋದದ್ದು ಹೆಚ್ಚುಕಡಿಮೆ ಒಂದು ಮೊಳ. ಕ್ಯಾಸೆಟ್ಟಿನ ಟೇಪು ಸೆಕೆಂಡಿಗೆ 4.76 ಸೆಂಟಿಮೀಟರ್ ವೇಗದಲ್ಲಿ ಓಡುತ್ತದೆ, ಆದ್ದರಿಂದ ಒಂದು ಮೊಳ ಹೋದರೆ ಸುಮಾರು ಹತ್ತು ಸೆಕೆಂಡಿನ ಹಾಡು ಹೋದಂತೆ. ಅಷ್ಟೇ ಅಲ್ಲ, ಎರಡು ಬದಿಗಳ ಹಾಡುಗಳೂ ಒಂದೇ ಟೇಪಿನ ಅಗಲವನ್ನು ಹಂಚಿಕೊಂಡಿರುತ್ತವೆ. ಒಂದು ಬದಿಯಲ್ಲಿ ಕತ್ತರಿಸಿದ್ದು ಇನ್ನೊಂದು ಬದಿಯಲ್ಲೂ ಕತ್ತರಿಸಿಹೋಗುತ್ತದೆ. ಆ ಬದಿಯಲ್ಲಿ ನಮಗೆ ನಷ್ಟವಾದದ್ದು ಒಂದಿಷ್ಟು ವಾದ್ಯದ ನಾದ. ಈ ಬದಿಯಲ್ಲಿ ಹೋದದ್ದು ರಾಯರ ಹಾಡಿನಲ್ಲಿ ಬೆಳಗಾಗುವ ಜಾಗ. ಹೀಗಾಗಿ ನಮ್ಮ ಮನೆಯ ಕ್ಯಾಸೆಟ್ಟಿನಲ್ಲಿ ಬೆಳಗೇ ಆಗುತ್ತಿರಲಿಲ್ಲ. ರಾತ್ರಿ ಇರುವಾಗಲೇ ಒಂದು ಸಣ್ಣ ತೊದಲು ಕೇಳಿ, ಪದುಮ ಹೂ ಮುಡಿದು ರಾಯರ ಕೋಣೆಗೆ ಬಂದುಬಿಡುತ್ತಿದ್ದಳು. ಮಲ್ಲಿಗೆಯನ್ನು ಮೊಳ ಹಾಕಿ ಮಾರುವುದನ್ನು ಕಂಡಾಗ ನನಗೆ ಇವತ್ತಿಗೂ ಆ ಟೇಪಿನ ತುಂಡು ನೆನಪಾಗುತ್ತದೆ.

ಶಿವಮೊಗ್ಗದ ಹಾಸ್ಟೆಲಿನ ವರ್ಷಗಳಿಗೆ ಬೇರೆ ಹೆಸರು ಬೇಡ. 1987ರಲ್ಲಿ ಹಂಸಲೇಖ ಅವರ ‘ಪ್ರೇಮಲೋಕ’ ಬಂದಾಗ ಕ್ಯಾಸೆಟ್ಟು ಕೊಳ್ಳುವ ಅಗತ್ಯವೇ ಇರಲಿಲ್ಲ, ಬಸ್ ನಿಲ್ದಾಣದಿಂದ ಕಾಲೇಜಿನವರೆಗೆ ನಡೆದರೆ ಅಂಗಡಿಯಿಂದ ಅಂಗಡಿಗೆ ಇಡೀ ಧ್ವನಿಸುರುಳಿ ಕಿವಿಗೆ ಬಿದ್ದುಹೋಗುತ್ತಿತ್ತು.

ಮದುವೆಯಾಗಿ ಪುಣೆಗೆ ಹೋದ ಮೇಲಿನ ಕಾಲ ಭೀಮಸೇನ ಜೋಶಿಯವರ ‘ದಾಸವಾಣಿ’ಯದು. ಹಳೆಯ ಪೇಟೆಯೊಂದರ ವಾಡೆಯಲ್ಲಿ ಎರಡು ಕೋಣೆಗಳ ಮನೆ. ಪಕ್ಕದ ಮನೆಗೂ ನಮಗೂ ನಡುವೆ ಒಂದೇ ಗೋಡೆ. ಬೆಳಗ್ಗೆ ಆ ಮನೆಯ ಹಿರಿಯ ಹೆಂಗಸು ಜೋಶಿಯವರ ಮರಾಠಿ ಅಭಂಗಗಳನ್ನು ಹಾಕುತ್ತಿದ್ದರು, ಈ ಕಡೆ ನಾನು ಅವರದೇ ಕನ್ನಡ ದಾಸರ ಪದಗಳನ್ನು ಹಾಕುತ್ತಿದ್ದೆ. ಒಂದೇ ಕಂಠ ಗೋಡೆಯ ಆ ಬದಿಯಲ್ಲಿ ಮರಾಠಿ, ಈ ಬದಿಯಲ್ಲಿ ಕನ್ನಡ. ಗದಗದ ಸೀಮೆಯಲ್ಲಿ 1922ರಲ್ಲಿ ಹುಟ್ಟಿ, ಕುಂದಗೋಳದಲ್ಲಿ ಸವಾಯಿ ಗಂಧರ್ವರ ಬಳಿ ಕಲಿತು, ಪುಣೆಯಲ್ಲಿ ನೆಲೆಸಿ, 1953ರಲ್ಲಿ ಗುರುವಿನ ಹೆಸರಿನ ಸಂಗೀತೋತ್ಸವವನ್ನು ಆ ಊರಿನಲ್ಲಿ ಆರಂಭಿಸಿದ ಗಾಯಕರನ್ನು ಆ ಗೋಡೆ ಹೇಗೆ ಪಾಲು ಮಾಡೀತು? ಕನ್ನಡ ಕೇಳದೆ ದಿನಗಟ್ಟಲೆ ಕಳೆಯುತ್ತಿದ್ದ ನನಗೆ ಆ ಕ್ಯಾಸೆಟ್ಟು ತವರಾಗಿತ್ತು.

ಒಂದು ಶುಕ್ರವಾರ ಪಕ್ಕದ ಮನೆಯ ಕಾಕೂ ನಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತು, ಈ ಲಕ್ಷ್ಮಿಯ ಹಾಡಿನ ಅರ್ಥ ಹೇಳು ಎಂದರು. ಹೆಜ್ಜೆಯ ಮೇಲೆ ಹೆಜ್ಜೆ, ಗೆಜ್ಜೆಯ ಕಾಲು, ಇವನ್ನು ನನ್ನ ಹರಕು ಮರಾಠಿಯಲ್ಲಿ ಹೇಗೋ ಹೇಳಿದೆ. ‘ಮಜ್ಜಿಗೆಯೊಳಗಿನ ಬೆಣ್ಣೆಯಂತೆ’ ಎಂಬಲ್ಲಿಗೆ ಬಂದಾಗ ತಾಕ್, ಲೋಣಿ ಎಂಬ ಎರಡು ಶಬ್ದಗಳು ಸಿಕ್ಕವು, ಆದರೆ ‘ಒಳಗಿನ’ ಎಂಬುದನ್ನು ಹೇಗೆ ಹೇಳುವುದೆಂದು ತೋಚದೆ, ಕಡೆಯುತ್ತಿದ್ದ ಪಾತ್ರೆಯನ್ನೇ ಅವರ ಮುಂದಿಟ್ಟು ಕಡೆಗೋಲನ್ನು ಎತ್ತಿ ತೋರಿಸಿದೆ. ಅಂಚಿಗೆ ಬೆಣ್ಣೆಯ ಹರಳು ಹತ್ತಿತ್ತು. ಹಾಗೆ ತೋರಿಸುತ್ತಿರುವಾಗಲೇ ನನಗೂ ಅದು ಹೊಳೆದದ್ದು: ದಾಸರು ಲಕ್ಷ್ಮಿಯನ್ನು ಕರೆಯುತ್ತಿರುವುದು ಹೊಸ್ತಿಲಿನ ಆಚೆಯಿಂದಲ್ಲ, ಈಗಾಗಲೇ ಮನೆಯೊಳಗೆ ಇರುವವಳನ್ನು ದುಡಿಮೆಯಿಂದ ಮೇಲೆ ಬರಮಾಡಿಕೊಳ್ಳುತ್ತಿದ್ದಾರೆ. ಹುಟ್ಟಿದಾಗಿನಿಂದ ಆರತಿಯ ತಟ್ಟೆ ಹಿಡಿದು ಹಾಡಿದವಳಿಗೆ ಅದು ತಿಳಿಯಲು ಭಾಷೆ ಬಾರದ ಒಬ್ಬರಿಗೆ ವಿವರಿಸಬೇಕಾಯಿತು.

ಮುಂದೆ ಗಂಡ ಕೆಲಸ ಮಾಡುತ್ತಿದ್ದ ಕಾರ್ಖಾನೆ ಮುಚ್ಚಿತು, ನಾವು ಶಿವಮೊಗ್ಗಕ್ಕೆ ಮರಳಿ ಬಾಡಿಗೆ ಮನೆ ಹಿಡಿದೆವು. ಆ ಮನೆಯ ತಾರಸಿ ಸೋರುತ್ತಿತ್ತು. ಸಂತ ಶಿಶುನಾಳ ಶರೀಫರ ತತ್ವಪದಗಳಿಗೆ ಅಶ್ವತ್ಥರು ರಾಗ ಹಾಕಿದ್ದ ಕ್ಯಾಸೆಟ್ಟನ್ನು ನಾವು ಚಿಕ್ಕಂದಿನಲ್ಲಿ ಕೋಡಗನನ್ನು ಕೋಳಿ ನುಂಗುವ ಹಾಡಿಗಾಗಿ, ನಗುವುದಕ್ಕಾಗಿ ಕೇಳುತ್ತಿದ್ದೆವು. ‘ಸೋರುತಿಹುದು ಮನೆಯ ಮಾಳಿಗಿ’ ಬಂದಾಗ ಮುಂದಕ್ಕೆ ಓಡಿಸುತ್ತಿದ್ದೆವು. ಮಲೆನಾಡಿನ ಹೆಂಚಿನ ಮನೆಯಲ್ಲಿ ಬೆಳೆದ ನನಗೆ ಬಯಲುಸೀಮೆಯ ಮಣ್ಣಿನ ಮಾಳಿಗೆ ಗೊತ್ತಿರಲಿಲ್ಲ. ನಮ್ಮಲ್ಲಿ ಸೋರಿದರೆ ಅಟ್ಟದ ಮೇಲಿಂದ ಕೋಲು ತೂರಿಸಿ ಹೆಂಚು ಸರಿಸಿದರೆ ಆಯಿತು. ಮಣ್ಣಿನ ಮಾಳಿಗೆ ಸೋರಿದರೆ ಮೇಲೇರಲೇಬೇಕು, ಕಾಳಗತ್ತಲೆಯಲ್ಲಿ ಮೇಲೇರಲಾರೆ ಎಂದು ಶರೀಫರು ಹೇಳುವುದು ಅದಕ್ಕೇ. ಸಾಲ, ನಿರುದ್ಯೋಗ, ಹಾಲಿನ ಪಾತ್ರೆಯನ್ನೂ ಸೇರಿಸಿ ಆರು ಪಾತ್ರೆಗಳಿಗೆ ಹನಿ ಬೀಳುತ್ತಿದ್ದ ರಾತ್ರಿಗಳಲ್ಲಿ ಆ ಹಾಡು ತಾನಾಗಿ ನನ್ನೊಳಗೆ ಎದ್ದು ನಿಂತಿತು.

2008ರಲ್ಲಿ ರಘು ದೀಕ್ಷಿತ್ ಅವರ ಮೊದಲ ಆಲ್ಬಂ ಬಂದಾಗ ನನ್ನ ಮಗ ಅದನ್ನು ತಂದು, ಅದೇ ಶರೀಫರ ಪದವನ್ನು ಗಿಟಾರಿನ ಜೊತೆಗೆ ಜೋರಾಗಿ ಹಾಕಿದ. ಮೊದಲ ಸಲ ನನಗೆ ಕಸಿವಿಸಿಯಾಯಿತು. ‘ಅಜ್ಞಾನದಿಂದ’ ಎಂಬ ಮಾತಿನ ಮೇಲೆ ಅಶ್ವತ್ಥರ ದನಿ ಊರುವ ಭಾರವೇ ನನ್ನ ಕಿವಿಗೆ ಇಂದಿಗೂ ಹೆಚ್ಚು. ಆದರೆ ಮಗ ಆ ಪದವನ್ನು ಮೊದಲು ಕೇಳಿದ್ದು ಅಲ್ಲಿ; ಅವನ ಹದಿನಾಲ್ಕನೆಯ ವಯಸ್ಸಿನ ಧ್ವನಿಸುರುಳಿ ಅದು, ಅದನ್ನು ಕಸಿದುಕೊಳ್ಳುವ ಹಕ್ಕು ನನಗಿಲ್ಲ. ಮರುವರ್ಷ ಡಿಸೆಂಬರ್ 29ರಂದು, ತಮಗೆ ಎಪ್ಪತ್ತು ತುಂಬಿದ ದಿನವೇ, ಅಶ್ವತ್ಥರು ತೀರಿಕೊಂಡ ಸುದ್ದಿಯನ್ನು ನನಗೆ ಹೇಳಿದವನೂ ಅವನೇ. ಆ ಸಂಜೆ ನಾನು ಹೇಳದೆಯೇ ಅವನು ಹಳೆಯ ಕ್ಯಾಸೆಟ್ಟನ್ನು ಹುಡುಕಿ ತಂದ.

ಈಗ ಹಾಡುಗಳೆಲ್ಲ ಮೊಬೈಲಿನಲ್ಲಿ ಇವೆ. ಒಂದು ಹಾಡು ಮುಗಿಯುವಾಗ ನನ್ನ ಕಿವಿ ಕ್ಯಾಸೆಟ್ಟಿನ ಮುಂದಿನ ಹಾಡಿನ ಶ್ರುತಿಯನ್ನು ಆಗಲೇ ಹಿಡಿದಿರುತ್ತದೆ, ಮೊಬೈಲು ಮಾತ್ರ ಬೇರೆ ಯಾವುದನ್ನೋ ತಂದು ಹಾಕುತ್ತದೆ. ಯಾವ ಹಾಡಿನ ಬೆನ್ನಿಗೆ ಯಾವುದು ಬರಬೇಕು ಎಂಬುದೂ ರಾಗ ಹಾಕಿದವರ ಕೆಲಸದ ಒಂದು ಭಾಗವಾಗಿತ್ತು ಎಂದು ನನ್ನ ನಂಬಿಕೆ, ಅದು ಕಳೆದುಹೋಗುತ್ತಿರುವುದಕ್ಕೆ ನನಗೆ ದುಃಖವಿದೆ.

ಕಳೆದ ನವೆಂಬರಿನಲ್ಲಿ ನಮ್ಮೂರಿನ ರಾಜ್ಯೋತ್ಸವದ ಸಭೆಗೆ ನಾನೂ ತಮ್ಮನೂ ಹೋಗಿದ್ದೆವು. ಕಾಲೇಜು ಹುಡುಗಿಯೊಬ್ಬಳು ರಾಯರ ಹಾಡನ್ನು ಹಾಡಿದಳು, ಒಂದು ಸಾಲನ್ನೂ ಬಿಡದೆ, ಬಹಳ ಚೆನ್ನಾಗಿ. ನಾನು ಸಣ್ಣ ದನಿಯಲ್ಲಿ ಜೊತೆಗೂಡಿಸಿದ್ದೆ. ರಾತ್ರಿಯ ಸಾಲು ಮುಗಿದದ್ದೇ ನನ್ನ ಬಾಯಿ ನೇರವಾಗಿ ಪದುಮಳ ಹೂವಿಗೆ ಹೋಯಿತು. ತಪ್ಪಿತೆಂದು ತಟ್ಟನೆ ನಿಲ್ಲಿಸಿ ಪಕ್ಕಕ್ಕೆ ನೋಡಿದರೆ, ಅರವತ್ತರ ಅಂಚಿನಲ್ಲಿರುವ ನನ್ನ ತಮ್ಮನೂ ಅದೇ ಹೂವಿನ ಮೇಲೆ ಬಾಯಿ ಮುಚ್ಚಿ ಕಾಯುತ್ತಿದ್ದ. ವೇದಿಕೆಯ ಮೇಲೆ ಆ ಹುಡುಗಿ ಇನ್ನೂ ಬೆಳಗು ಮಾಡುತ್ತಿದ್ದಳು.

ನಮಸ್ಕಾರ.