ಕೈಗೆ ಒಗ್ಗುವ ಬೇಸ್

ಕೇಳುಗರೆಲ್ಲರಿಗೂ ನಮಸ್ಕಾರ.

ಮೂರು ವರ್ಷದ ಹಿಂದಿನ ಮಾತು. ಕ್ರಿಸ್‌ಮಸ್‌ಗೆ ಇನ್ನೂ ಹತ್ತು ದಿನ ಇತ್ತು. ಬೆಳಿಗ್ಗೆ ರೊಟ್ಟಿ ಬಡಿಯಲು ಕುಳಿತೆ. ಹಿಟ್ಟು ನಾದುವಾಗಲೇ ಎಡಗೈ ಮಣಿಕಟ್ಟಿನಲ್ಲಿ ಚಳಕು ಹೊಡೆಯಿತು. ಹಂಚಿನ ಮೇಲಿದ್ದ ರೊಟ್ಟಿಯನ್ನು ತಿರುವಿ ಹಾಕಲು ಆಗಲಿಲ್ಲ. ನಮ್ಮ ಅತ್ತೆ ನೋಡಿ, "ಏನಾಯ್ತವ್ವಾ ಕೈಗಿ?" ಎಂದು ಕೇಳಿದರು. ಏನಿಲ್ಲ ಎಂದೆ. ಆದರೆ ನನಗೆ ಗೊತ್ತಿತ್ತು. ಹಿಂದಿನ ರಾತ್ರಿ ಚರ್ಚಿನಲ್ಲಿ ಹಾಡಿನ ಪ್ರಾಕ್ಟೀಸ್. ಎರಡೂವರೆ ತಾಸು ನಿಂತು ಬೇಸ್ ಗಿಟಾರ್ ನುಡಿಸಿದ್ದೆ.

ನಾನು ಕಲಬುರಗಿಯವಳು. ಹದಿನಾಲ್ಕು ವರ್ಷದಿಂದ ಚರ್ಚಿನ ಹಾಡಿನ ತಂಡದಲ್ಲಿ ಬೇಸ್ ನುಡಿಸುತ್ತಿದ್ದೇನೆ. ಕೈ ನೋವಿದ್ದವರು ಈ ವಾದ್ಯವನ್ನು ಹೇಗೆ ಆರಿಸಿಕೊಳ್ಳಬಹುದು ಎಂದು ಇವತ್ತು ಹೇಳಬೇಕು ಅಂತ ಬಂದಿದ್ದೇನೆ. ನಮ್ಮ ಕಡೆ ಚರ್ಚುಗಳಲ್ಲಿ, ಆರ್ಕೆಸ್ಟ್ರಾಗಳಲ್ಲಿ, ಕಾಲೇಜು ಹುಡುಗರ ಬ್ಯಾಂಡ್‌ಗಳಲ್ಲಿ ಬೇಸ್ ನುಡಿಸುವವರಿದ್ದಾರೆ. "ಕೈ ನಡೆಯಂಗಿಲ್ರಿ, ಇನ್ನ ಸಾಕು" ಎಂದು ಬಿಟ್ಟವರನ್ನೂ ನೋಡಿದ್ದೇನೆ. ಬಿಡುವ ಮೊದಲು ಅವರು ವಾದ್ಯವನ್ನು ಬದಲಾಯಿಸಿ ನೋಡಲಿ ಎಂಬುದು ನನ್ನ ಆಸೆ.

ಬೇಸ್ ಎಂದರೆ ನಾಲ್ಕು ದಪ್ಪ ತಂತಿಯ ಗಿಟಾರ್. ತಬಲಾದ ಜೊತೆ ದಗ್ಗಾ ಏನು ಮಾಡುತ್ತದೋ, ತತ್ವಪದಕ್ಕೆ ಏಕತಾರಿ ಏನು ಮಾಡುತ್ತದೋ, ಹಾಡಿಗೆ ಇದು ಆ ಕೆಲಸ ಮಾಡುತ್ತದೆ. ಇರುವಾಗ ಯಾರ ಗಮನಕ್ಕೂ ಬರುವುದಿಲ್ಲ. ನಡುವೆ ನಿಲ್ಲಿಸಿ ನೋಡಿ, ಹಾಡು ಬರೇ ಗಾಳಿಯಲ್ಲಿ ತೇಲುತ್ತದೆ. ಎಲ್ಲಕ್ಕಿಂತ ದಪ್ಪ ತಂತಿಯನ್ನು ಬಿಡಿಯಾಗಿ ಮೀಟಿದರೆ ಅದು ಸೆಕೆಂಡಿಗೆ ಸುಮಾರು 41 ಸಲ ಅಲುಗುತ್ತದೆ. ನೀವು ಈಗ ಕೇಳುತ್ತಿರುವ ರೇಡಿಯೋದ ಸಣ್ಣ ಸ್ಪೀಕರಿಗೆ ಅಷ್ಟು ಕೆಳಗಿನ ಸ್ವರವನ್ನು ಸರಿಯಾಗಿ ಹೊರಡಿಸಲು ಆಗುವುದಿಲ್ಲ. ಅದೇ ಸ್ವರದ ಜೊತೆಗೆ ಹುಟ್ಟುವ ಮೇಲಿನ ಎಳೆಗಳು, ಅಂದರೆ 82, 123, ಹೀಗೆ, ಅವು ಮಾತ್ರ ಕೇಳುತ್ತವೆ. ಕೆಳಗಿನದನ್ನು ನಮ್ಮ ಕಿವಿಯೇ ತುಂಬಿಕೊಳ್ಳುತ್ತದೆ. ಈ ಮಾತು ನೆನಪಿರಲಿ, ತಂತಿಯ ವಿಷಯ ಬಂದಾಗ ಬೇಕಾಗುತ್ತದೆ.

ನನ್ನ ಮೊದಲ ಬೇಸ್ ನಾಲ್ಕೂಮುಕ್ಕಾಲು ಕಿಲೋ ಇತ್ತು. ಅಂಗಡಿಯಲ್ಲಿ ಇದ್ದದ್ದೇ ಅದೊಂದು. ಅದನ್ನೇ ಕೊಂಡೆ. ಕೈ ನೋಯುತ್ತದೆ ಎಂದಾಗ ಅಂಗಡಿಯವರು, "ಮೊದ್ಲು ನೋಯ್ತದ್ರಿ ಅಕ್ಕಾ, ಆಮ್ಯಾಲ ರೂಢಿ ಆಗ್ತದ" ಎಂದರು. ನಾನೂ ನಂಬಿದೆ. ಹೊಸಬರಿಗೆ ಬೆರಳ ತುದಿ ನೋಯುವುದು ನಿಜ. ಅದು ರೂಢಿಯಾಗುತ್ತದೆ, ಚರ್ಮ ಗಟ್ಟಿಯಾಗುತ್ತದೆ. ಆದರೆ ಮಣಿಕಟ್ಟಿನ ಒಳಗಿನ ನೋವು ರೂಢಿಯಾಗುವಂಥದ್ದಲ್ಲ. ನಾನು ಹನ್ನೊಂದು ವರ್ಷ ಎರಡನ್ನೂ ಒಂದೇ ಎಂದು ತಿಳಿದಿದ್ದೆ.

ಅದಕ್ಕೇ ಮೊದಲು ಡಾಕ್ಟರರ ಹತ್ತಿರ ಹೋಗಿ. ಎಲ್ಲ ಕೈ ನೋವೂ ಒಂದೇ ಅಲ್ಲ. ಹೆಬ್ಬೆರಳು, ತೋರುಬೆರಳು, ನಡುಬೆರಳಿಗೆ ಜೋಮು ಹಿಡಿಯುವುದು, ರಾತ್ರಿ ಎಚ್ಚರವಾಗಿ ಕೈ ಕೊಡವಬೇಕು ಅನ್ನಿಸುವುದು, ಇವು ಸಾಮಾನ್ಯವಾಗಿ ಮಣಿಕಟ್ಟಿನ ಇಕ್ಕಟ್ಟಾದ ದಾರಿಯಲ್ಲಿ ನರ ಒತ್ತಿಕೊಂಡಿರುವುದರ ಗುರುತು. ಕಿರುಬೆರಳಿಗೆ ಜೋಮು ಬಂದರೆ ಒತ್ತಿರುವುದು ಬೇರೆ ನರ, ಹಲವು ಸಲ ಮೊಣಕೈ ಹತ್ತಿರ. ಹೆಬ್ಬೆರಳ ಬುಡದಲ್ಲಿ ನೋವಿದ್ದರೆ ಅಲ್ಲಿನ ಸ್ನಾಯುವಿನ ಎಳೆಗಳು ಊದಿಕೊಂಡಿರಬಹುದು. ನನ್ನದು ಈ ಕೊನೆಯದು. ಆರು ವಾರ ಕೈಗೆ ಬಿಡುವು ಹೇಳಿದರು. ಬೇಸಿಗೂ ಬಿಡುವು, ರೊಟ್ಟಿಗೂ ಬಿಡುವು. ಆ ಕ್ರಿಸ್‌ಮಸ್ ರಾತ್ರಿ ನಾನು ಹಿಂದಿನ ಬೆಂಚಿನಲ್ಲಿ ಕುಳಿತು ಹಾಡು ಕೇಳಿದೆ. ಬೇಸ್ ಇರಲಿಲ್ಲ. ಕಣ್ಣಲ್ಲಿ ನೀರು ಬಂತು, ಸುಳ್ಳು ಹೇಳುವುದಿಲ್ಲ.

ಕೈ ವಾಸಿಯಾದ ಮೇಲೆ ಹಳೆಯ ಬೇಸನ್ನು ಮತ್ತೆ ಹೆಗಲಿಗೆ ಹಾಕಲು ಧೈರ್ಯ ಬರಲಿಲ್ಲ. ತಮ್ಮನನ್ನು ಕರೆದುಕೊಂಡು ರೈಲು ಹತ್ತಿ ಹೈದರಾಬಾದಿಗೆ ಹೋದೆ. ನಮ್ಮೂರಲ್ಲಿ ನಾಲ್ಕೈದು ಬೇಸ್ ಒಟ್ಟಿಗೆ ಇಟ್ಟು ನೋಡುವುದು ಕಷ್ಟ. ಆನ್‌ಲೈನಿನಲ್ಲಿ ತರಿಸಬಹುದು, ಆದರೆ ಕೈ ನೋವಿದ್ದವರು ಫೋಟೋ ನೋಡಿ ಬೇಸ್ ಕೊಳ್ಳಬಾರದು. ಚಪ್ಪಲಿಯನ್ನಾದರೂ ಹಾಗೆ ಕೊಳ್ಳಬಹುದೇನೋ, ಇದನ್ನಲ್ಲ.

ಅಲ್ಲಿ ಮೊದಲು ಕಲಿತದ್ದು ಉದ್ದದ ಲೆಕ್ಕ. ತಂತಿಯ ನುಡಿಯುವ ಉದ್ದಕ್ಕೆ ಸ್ಕೇಲ್ ಅನ್ನುತ್ತಾರೆ. ಅಮೆರಿಕದ ಫೆಂಡರ್ ಕಂಪನಿ 1951ರಲ್ಲಿ ಪ್ರಿಸಿಷನ್ ಬೇಸ್ ತಂದಾಗ ಅದಕ್ಕೆ 34 ಇಂಚು ಇಟ್ಟಿತು. ಇವತ್ತಿಗೂ ಹೆಚ್ಚಿನ ಬೇಸ್‌ಗಳು ಅದೇ ಅಳತೆಯವು. 30 ಇಂಚಿನವೂ ಇವೆ, ಅವಕ್ಕೆ ಶಾರ್ಟ್ ಸ್ಕೇಲ್ ಎಂದು ಹೆಸರು. ನಾಲ್ಕು ಇಂಚು ಏನು ಮಹಾ ಅನ್ನಿಸಬಹುದು. ಬೆರಳಿಗೆ ಕೇಳಿ. ಎಡಗೈ ಹಿಡಿಯುವ ಉದ್ದ ಕತ್ತಿನ ಮೇಲೆ ಅಡ್ಡಕ್ಕೆ ಕೂರಿಸಿದ ಲೋಹದ ಪಟ್ಟಿಗಳಿಗೆ ಫ್ರೆಟ್ ಅನ್ನುತ್ತಾರೆ. 34 ಇಂಚಿನ ಬೇಸಿನಲ್ಲಿ ಮೇಲಿನ ತುದಿಯಿಂದ ನಾಲ್ಕನೇ ಫ್ರೆಟ್ಟಿಗೆ ಸುಮಾರು 178 ಮಿಲಿಮೀಟರ್. 30 ಇಂಚಿನದರಲ್ಲಿ 157. ಅಂದರೆ ಎರಡು ಸೆಂಟಿಮೀಟರ್ ಕಮ್ಮಿ. ನನ್ನಂಥ ಸಣ್ಣ ಕೈಗೆ ಅದು ಬೆರಳು ಕಿತ್ತುಹೋಗುವ ಹಾಗೆ ಚಾಚುವುದಕ್ಕೂ ಸುಮ್ನೆ ಇಡುವುದಕ್ಕೂ ಇರುವ ವ್ಯತ್ಯಾಸ.

ಇನ್ನೊಂದು ಲಾಭ ಇದೆ. ಅದೇ ದಪ್ಪದ ತಂತಿ, ಅದೇ ಸ್ವರ, ಆದರೆ ಉದ್ದ ಕಮ್ಮಿ ಆದರೆ ಬಿಗಿಯೂ ಕಮ್ಮಿ. 34ರಿಂದ 30ಕ್ಕೆ ಇಳಿದರೆ ಬಿಗಿ ಐದರಲ್ಲಿ ಒಂದು ಪಾಲಿಗಿಂತ ಸ್ವಲ್ಪ ಜಾಸ್ತಿಯೇ ಇಳಿಯುತ್ತದೆ. ಒತ್ತಲು ಅಷ್ಟು ಹಗುರ.

ಶಾರ್ಟ್ ಸ್ಕೇಲ್ ಅಂದರೆ ಮಕ್ಕಳ ಬೇಸ್ ಎಂದು ಹೇಳುವವರಿದ್ದಾರೆ. ನಮ್ಮ ತಂಡದ ಹುಡುಗನೊಬ್ಬ ನನ್ನ ಹೊಸ ಬೇಸ್ ನೋಡಿ, "ಅಕ್ಕಾ, ಇದು ಆಟದ ಸಾಮಾನೇನ್ರಿ?" ಎಂದು ಕೇಳಿದ್ದ. ಇಂಗ್ಲೆಂಡಿನ ಬೀಟಲ್ಸ್ ತಂಡದ ಪಾಲ್ ಮೆಕಾರ್ಟ್ನಿ 1961ರಲ್ಲಿ ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಕೊಂಡ ಹಾಫ್ನರ್ ಬೇಸ್ ಪಿಟೀಲಿನ ಆಕಾರದ್ದು, ಒಳಗೆ ಟೊಳ್ಳು, ಹಗುರ, ಮತ್ತು ಶಾರ್ಟ್ ಸ್ಕೇಲ್. ಬೀಟಲ್ಸ್ ಹಾಡುಗಳಲ್ಲಿ ಆ ದನಿಯನ್ನು ಜಗತ್ತೇ ಕೇಳಿದೆ. ಫೆಂಡರ್ ಕಂಪನಿಯೇ 1966ರಲ್ಲಿ 30 ಇಂಚಿನ ಮಸ್ಟಾಂಗ್ ಬೇಸ್ ತಂದಿತು. ಅದನ್ನು ಈಗಲೂ ಮಾಡುತ್ತಾರೆ.

ಈಗ ತೂಕ. ಈ ವಿಷಯದಲ್ಲಿ ನಾನು ಸ್ವಲ್ಪ ಜಾಸ್ತಿ ಮಾತಾಡುತ್ತೇನೆ, ಯಾಕೆಂದರೆ ನನ್ನ ಕೈ ಕೆಟ್ಟದ್ದು ಇದರಿಂದಲೇ ಎಂದು ನನಗೆ ಗಟ್ಟಿಯಾಗಿ ಅನ್ನಿಸಿದೆ. ತೂಕ ಹೆಗಲಿನದ್ದು, ಮಣಿಕಟ್ಟಿಗೂ ಅದಕ್ಕೂ ಏನು ಸಂಬಂಧ ಎಂದು ನಾನೂ ಅಂದುಕೊಂಡಿದ್ದೆ. ಸಂಬಂಧ ಇದೆ. ಅಂಗಡಿಯಲ್ಲಿ ಬೇಸನ್ನು ಸ್ಟ್ರಾಪ್ ಹಾಕಿ ಹೆಗಲಿಗೆ ಏರಿಸಿ. ನೇರ ನಿಲ್ಲಿ. ಈಗ ಎರಡೂ ಕೈ ಬಿಡಿ. ಬಿದ್ದುಹೋಗದ ಹಾಗೆ ಕೈ ಹತ್ತಿರದಲ್ಲೇ ಇರಲಿ. ಬೇಸಿನ ಕತ್ತು ಇದ್ದಲ್ಲೇ ಇದ್ದರೆ ಸರಿ. ತಲೆ ಭಾರವಾಗಿ ಕತ್ತು ನೆಲದ ಕಡೆ ಇಳಿದರೆ, ಆ ಭಾರವನ್ನು ನುಡಿಸುವಷ್ಟು ಹೊತ್ತೂ ನಿಮ್ಮ ಎಡಗೈ ಎತ್ತಿ ಹಿಡಿಯಬೇಕು. ಅಂದರೆ ಒಂದೇ ಕೈ ಭಾರ ಹೊರಬೇಕು, ತಂತಿ ಒತ್ತಬೇಕು, ಜಾಗವನ್ನೂ ಬದಲಿಸಬೇಕು. ತುಂಬಿದ ಕೊಡ ಹಿಡಿದ ಕೈಯಲ್ಲೇ ಹೂ ಕಟ್ಟು ಅಂದ ಹಾಗೆ. ನನ್ನ ಹಳೆಯ ಬೇಸ್ ಹೀಗೇ ತಲೆ ಬಾಗಿಸುತ್ತಿತ್ತು. ನಾನು ಹನ್ನೊಂದು ವರ್ಷ ಅದನ್ನು ಎತ್ತಿ ಹಿಡಿದೆ, ಎತ್ತಿ ಹಿಡಿದಿದ್ದೇನೆ ಎಂಬುದೇ ಗೊತ್ತಿಲ್ಲದೆ.

ಸ್ಟ್ರಾಪ್ ಸಿಗಿಸುವ ಮೇಲಿನ ಕೊಂಬು ಹನ್ನೆರಡನೇ ಫ್ರೆಟ್ಟಿನ ಹತ್ತಿರದ ತನಕ ಚಾಚಿದ್ದರೆ ತೂಕ ಸಮವಾಗಿ ಕೂರುತ್ತದೆ. ತಲೆಯ ಕಿವಿಗಳು, ಅಂದರೆ ತಂತಿ ಬಿಗಿ ಮಾಡುವ ತಿರುಪುಗಳು, ಹಗುರವಾಗಿದ್ದರೆ ಒಳ್ಳೆಯದು. ತಲೆಯೇ ಇಲ್ಲದ ಬೇಸ್‌ಗಳೂ ಬಂದಿವೆ, ಅವುಗಳಲ್ಲಿ ಈ ತೊಂದರೆ ಕಮ್ಮಿ. ಇದ್ದ ಬೇಸೇ ಸ್ವಲ್ಪ ತಲೆ ಬಾಗಿಸಿದರೆ ಅಗಲವಾದ ಸ್ಟ್ರಾಪ್ ಹಾಕಿ. ಒಳಮೈ ಒರಟಾಗಿರುವ ಚರ್ಮದ್ದು ಬೇಕು. ನುಣುಪಾದ ನೈಲಾನ್ ಹೆಗಲ ಮೇಲೆ ಜಾರುತ್ತದೆ, ಒರಟು ಚರ್ಮ ಜಾರಲು ಬಿಡುವುದಿಲ್ಲ. ಒಟ್ಟು ತೂಕ ಮೂರೂವರೆ ಕಿಲೋ ಒಳಗೆ ಸಿಕ್ಕರೆ ಕೊಳ್ಳಿ. ಸಾಮಾನು ತೂಗುವ ಸಣ್ಣ ಕೊಂಡಿ ತಕ್ಕಡಿ ನಮ್ಮ ಮನೆಯಲ್ಲಿತ್ತು. ಅದನ್ನೇ ಚೀಲದಲ್ಲಿ ಹಾಕಿಕೊಂಡು ಹೋಗಿದ್ದೆ. ಅಂಗಡಿಯವರು ನಕ್ಕರೂ ತೂಗಲು ಬಿಟ್ಟರು.

ಕತ್ತಿನ ಅಗಲವನ್ನು ನಿಮ್ಮ ಕೈ ನೋಡಿ ಆರಿಸಿ. ಪ್ರಿಸಿಷನ್ ಮಾದರಿಯ ಕತ್ತು ಮೇಲಿನ ತುದಿಯಲ್ಲಿ ಅಗಲ, ಜಾಝ್ ಬೇಸ್ ಮಾದರಿಯದು ಸಣ್ಣ, ಸುಮಾರು 38 ಮಿಲಿಮೀಟರ್. ಸಣ್ಣ ಕತ್ತೇ ಎಲ್ಲರಿಗೂ ಸುಖ ಅಂತ ಹೇಳಲಾರೆ. ತೀರಾ ತೆಳ್ಳಗಿದ್ದರೆ ಕೆಲವರ ಹೆಬ್ಬೆರಳು ಇನ್ನೂ ಜೋರಾಗಿ ಚಿವುಟುತ್ತದೆ.

ಚಿವುಟುವ ಮಾತು ಬಂತಲ್ಲ, ಒಂದು ಪರೀಕ್ಷೆ ಹೇಳುತ್ತೇನೆ. ಹೆಬ್ಬೆರಳನ್ನು ಕತ್ತಿನ ಹಿಂದಿನಿಂದ ಪೂರ್ತಿ ತೆಗೆಯಿರಿ. ತೋಳಿನ ಭಾರದಿಂದಲೇ ತಂತಿಯನ್ನು ಫ್ರೆಟ್ಟಿಗೆ ತಾಗಿಸಿ. ಸ್ವರ ಶುದ್ಧವಾಗಿ ಬಂದರೆ ಆ ಬೇಸ್ ನಿಮ್ಮ ಕೈಗೆ ಒಗ್ಗುತ್ತದೆ. ಬಾರದಿದ್ದರೆ ತಂತಿ ಎತ್ತರದಲ್ಲಿರಬಹುದು. ಆ ಎತ್ತರಕ್ಕೆ ಆಕ್ಷನ್ ಎನ್ನುತ್ತಾರೆ. ಹನ್ನೆರಡನೇ ಫ್ರೆಟ್ಟಿನ ಮೇಲೆ 2ರಿಂದ 2.5 ಮಿಲಿಮೀಟರ್ ಇದ್ದರೆ ಬೆರಳಿಗೆ ಸುಖ. ನನ್ನ ಹಳೆಯ ಬೇಸಿನಲ್ಲಿ ಅದು ನಾಲ್ಕು ದಾಟಿತ್ತು. ಸೆಟಪ್, ಅಂದರೆ ತಂತಿಯ ಎತ್ತರ, ಕತ್ತಿನ ಬಾಗು ಸರಿ ಮಾಡುವ ಕೆಲಸ, ಮಾಡಬಲ್ಲವರ ಹತ್ತಿರ ಒಮ್ಮೆ ಒಯ್ದಿದ್ದರೆ ಅರ್ಧ ನೋವು ಅಲ್ಲೇ ಮುಗಿಯುತ್ತಿತ್ತು. ಹೊಸದು ಕೊಳ್ಳಲು ದುಡ್ಡಿಲ್ಲದವರು ದಯವಿಟ್ಟು ಇದನ್ನು ಮೊದಲು ಮಾಡಿಸಿ.

ನಮ್ಮ ಊರಿನ ಹವಾಮಾನದ್ದೂ ಒಂದು ಮಾತಿದೆ. ಮೇ ತಿಂಗಳಲ್ಲಿ ಇಲ್ಲಿ 42 ಡಿಗ್ರಿ ದಾಟುತ್ತದೆ, ಗಾಳಿ ಒಣಗಿರುತ್ತದೆ. ಮರ ಒಣಗಿದಾಗ ಕತ್ತು ನೆಟ್ಟಗಾಗಿ ತಂತಿ ಫ್ರೆಟ್ಟಿಗೆ ತಾಗಿ ಜರ್ ಎನ್ನುತ್ತದೆ. ಮಳೆಗಾಲದಲ್ಲಿ ತೇವ ಕುಡಿದು ಮುಂದಕ್ಕೆ ಬಾಗಿ ತಂತಿ ಮೇಲೇಳುತ್ತದೆ. ಶ್ರಾವಣದಲ್ಲಿ ಕೈ ಜಾಸ್ತಿ ನೋಯುತ್ತದೆ ಅನ್ನಿಸಿದರೆ ಕೈಯನ್ನಷ್ಟೇ ಅಲ್ಲ, ಬೇಸನ್ನೂ ನೋಡಿ. ಕತ್ತಿನೊಳಗೆ ಟ್ರಸ್ ರಾಡ್ ಎಂಬ ಕಬ್ಬಿಣದ ಸರಳು ಇರುತ್ತದೆ. ಬಲ್ಲವರು ಅದನ್ನು ಕಾಲು ಸುತ್ತು ತಿರುಗಿಸಿದರೆ ಸಾಕಾಗುತ್ತದೆ.

ಇನ್ನು ದನಿ. ಕೈಗೆ ಸುಖವಾದದ್ದು ಕಿವಿಗೆ ಸಪ್ಪೆ ಎಂಬ ಭಯ ನನಗೂ ಇತ್ತು. ಅದು ಪೂರ್ತಿ ಸುಳ್ಳೂ ಅಲ್ಲ. ಶಾರ್ಟ್ ಸ್ಕೇಲಿನಲ್ಲಿ ದಪ್ಪ ತಂತಿ ಸಡಿಲವಾಗಿ ಬೊಬ್ಬ್ ಅನ್ನುವುದುಂಟು. ಅದಕ್ಕೆ ಮದ್ದು ಆ ಒಂದು ತಂತಿಯನ್ನು ಸ್ವಲ್ಪ ದಪ್ಪದ್ದು ಹಾಕುವುದು, ಮತ್ತು ಶಾರ್ಟ್ ಸ್ಕೇಲಿಗೆಂದೇ ಮಾಡಿದ ತಂತಿಗಳನ್ನೇ ಕೊಳ್ಳುವುದು. ತಂತಿಯಲ್ಲಿ ಮುಖ್ಯವಾಗಿ ಎರಡು ಬಗೆ. ರೌಂಡ್‌ವೌಂಡ್ ಒರಟು, ದನಿ ಕಣಕಣ. ಫ್ಲಾಟ್‌ವೌಂಡ್ ನುಣುಪು, ದನಿ ದುಂಡಗೆ, ಬೆರಳು ಜಾರಲು ಸುಖ. ಆದರೆ ಫ್ಲಾಟ್‌ವೌಂಡ್ ಎಂದರೆ ಮೆತ್ತಗೆ ಎಂದು ತಿಳಿಯಬೇಡಿ. ಹಲವು ಬಗೆಗಳಲ್ಲಿ ಬಿಗಿ ಜಾಸ್ತಿಯೇ ಇರುತ್ತದೆ. ಕಡಿಮೆ ಬಿಗಿಯದ್ದು ಬೇಕು ಎಂದು ಕೇಳಿ ತೆಗೆದುಕೊಳ್ಳಿ. ಅಮೆರಿಕದ ಮೋಟೌನ್ ಕಂಪನಿಯ ಹಾಡುಗಳಿಗೆ ಬೇಸ್ ನುಡಿಸಿದ ಜೇಮ್ಸ್ ಜೇಮರ್‌ಸನ್ ಫ್ಲಾಟ್‌ವೌಂಡ್ ತಂತಿಯನ್ನು ಬಲಗೈಯ ಒಂದೇ ತೋರುಬೆರಳಿನಿಂದ ಮೀಟುತ್ತಿದ್ದರು. ಆ ದನಿಗೆ ಯಾವ ಕೊರತೆಯೂ ಇಲ್ಲ.

ಈಗ ರೇಡಿಯೋ ಸ್ಪೀಕರಿನ ಮಾತು ನೆನಪು ಮಾಡಿಕೊಳ್ಳಿ. ಫ್ಲಾಟ್‌ವೌಂಡ್‌ನಲ್ಲಿ ಆ ಮೇಲಿನ ಎಳೆಗಳು ಕಮ್ಮಿ. ದೊಡ್ಡ ಸ್ಪೀಕರ್ ಇರುವ ಚರ್ಚಿನಲ್ಲಿ ಅದು ಎದೆ ತುಂಬುತ್ತದೆ. ಸಣ್ಣ ಆಂಪ್, ಅಂದರೆ ದನಿ ದೊಡ್ಡದು ಮಾಡುವ ಪೆಟ್ಟಿಗೆ, ಇಟ್ಟುಕೊಂಡು ಮನೆ ಮನೆಗೆ ಕ್ಯಾರಲ್ ಹಾಡಲು ಹೋದಾಗ ಸ್ವರವೇ ಕಾಣೆಯಾಗುತ್ತದೆ. ಕಾಣೆಯಾದಾಗ ನಾವು ಏನು ಮಾಡುತ್ತೇವೆ? ಜೋರಾಗಿ ಮೀಟುತ್ತೇವೆ. ಕೈ ಕೆಡುವುದು ಅಲ್ಲಿಂದಲೇ. ಎಲ್ಲಿ ನುಡಿಸುತ್ತೀರಿ ಎಂಬುದನ್ನು ನೋಡಿ ತಂತಿ ಆರಿಸಿ. ನಾನು ಈಗ ತೆಳು ರೌಂಡ್‌ವೌಂಡ್ ಹಾಕಿದ್ದೇನೆ, ಆಂಪಿನ ದನಿ ಏರಿಸಿ ಕೈ ಹಗುರ ಮಾಡುತ್ತೇನೆ. ಬಲಗೈಯನ್ನು ಕತ್ತಿನ ಕಡೆ ಸರಿಸಿದರೆ ತಂತಿ ಮೆತ್ತಗಾಗುತ್ತದೆ, ದನಿಯೂ ತುಂಬಿ ಬರುತ್ತದೆ.

ಹೈದರಾಬಾದಿನ ಅಂಗಡಿಯಲ್ಲಿ ನಾನು ಮೂರು ಬೇಸ್ ಇಳಿಸಿಕೊಂಡು ಒಂದೊಂದನ್ನೂ ಅರ್ಧ ತಾಸು ನುಡಿಸಿದೆ. ಕುಳಿತು ಸ್ವಲ್ಪ, ನಿಂತು ಜಾಸ್ತಿ. ಐದು ನಿಮಿಷದಲ್ಲಿ ಎಲ್ಲ ಬೇಸೂ ಚಂದವೇ. ಇಪ್ಪತ್ತನೇ ನಿಮಿಷಕ್ಕೆ ಮಣಿಕಟ್ಟು ನಿಜ ಹೇಳುತ್ತದೆ. ನೋಡಲು ಬಹಳ ಚಂದ ಇದ್ದ ಕೆಂಪು ಬೇಸನ್ನು ಹಾಗೇ ಬಿಟ್ಟು ಬಂದೆ. ತಂದದ್ದು ಮಾಸಲು ಬಣ್ಣದ್ದು, ಮೂರು ಕಿಲೋ ಇನ್ನೂರು ಗ್ರಾಂ.

ಈಗ ದಿನಕ್ಕೆ ಇಪ್ಪತ್ತು ನಿಮಿಷ, ನಡುವೆ ಬಿಡುವು, ಮತ್ತೆ ಇಪ್ಪತ್ತು ನಿಮಿಷ ನುಡಿಸುತ್ತೇನೆ. ಮಣಿಕಟ್ಟು ಮುರಿಯದೆ ನೇರ ಇರುವ ಹಾಗೆ ಬೇಸನ್ನು ಎದೆಯ ಹತ್ತಿರ ಎತ್ತರದಲ್ಲಿ ಕಟ್ಟುತ್ತೇನೆ, ಕತ್ತನ್ನು ಸ್ವಲ್ಪ ಮೇಲ್ಮುಖ ಮಾಡುತ್ತೇನೆ. ಹಳೆಯ ಬೇಸಿಗೆ ಸೆಟಪ್ ಮಾಡಿಸಿ, ಚರ್ಮದ ಸ್ಟ್ರಾಪ್ ಹಾಕಿ, ಆಟದ ಸಾಮಾನು ಎಂದು ಕೇಳಿದ ಹುಡುಗನಿಗೇ ಕೊಟ್ಟೆ. ಅವನ ಬೆರಳು ಉದ್ದ, ಹೆಗಲು ಗಟ್ಟಿ. ಚೆನ್ನಾಗಿ ನುಡಿಸುತ್ತಾನೆ. ಆದರೆ ಸ್ಟೈಲಿಗೆಂದು ಬೇಸನ್ನು ಮೊಣಕಾಲಿನ ತನಕ ಇಳಿಬಿಡುತ್ತಾನೆ, ಮಣಿಕಟ್ಟು ಕೊಕ್ಕೆಯ ಹಾಗೆ ಬಾಗುತ್ತದೆ. ಹೋದ ಭಾನುವಾರ ಆರಾಧನೆ ಶುರುವಾಗುವ ಮೊದಲು ಅವನ ಹಿಂದೆ ನಿಂತು ಸ್ಟ್ರಾಪನ್ನು ಎರಡು ತೂತು ಮೇಲಕ್ಕೆ ಏರಿಸಿದೆ. "ಅಕ್ಕಾ, ಹಿಂಗ ಚಂದ ಕಾಣಂಗಿಲ್ರಿ" ಎಂದ. ಮೊದಲ ಹಾಡು ಮುಗಿಯುವ ತನಕ ಹಾಗೇ ಇರಲಿ ಎಂದೆ. ಕೊನೆಯ ಹಾಡಿನ ತನಕವೂ ಅವನು ಅದನ್ನು ಇಳಿಸಲಿಲ್ಲ.

ನಮಸ್ಕಾರ.