ಹಠ ಬಿಡಿಸುವ ಶಿಬಿರಗಳು: ಹಣ ಕಟ್ಟುವ ಮುನ್ನ

ಕೇಳುಗರೇ, ನಮಸ್ಕಾರ. ಇವತ್ತಿನ ಮಾತು ಹದಿಮೂರರಿಂದ ಹದಿನೇಳರೊಳಗಿನ ಮಕ್ಕಳಿರುವ ಅಪ್ಪ-ಅಮ್ಮಂದಿರಿಗೆ. ಮಗ ಮಾತಿಗೆ ಮೊದಲು ಎದುರುತ್ತರ ಕೊಡುತ್ತಾನೆ. ಕಾಲೇಜಿಗೆಂದು ಹೊರಟವನು ಬಸ್ ಸ್ಟ್ಯಾಂಡಿನಲ್ಲೇ ಕೂತಿರುತ್ತಾನೆ. ರಾತ್ರಿ ಎರಡಾದರೂ ಕೈಯಲ್ಲಿ ಮೊಬೈಲು. ಅಪ್ಪ ಗೋವೆಯಲ್ಲಿ ಕೆಲಸಕ್ಕಿದ್ದಾರೆ, ಇಲ್ಲವೇ ಬೋಟಿನಲ್ಲಿದ್ದಾರೆ. ಮನೆಯಲ್ಲಿ ಅಮ್ಮ ಒಬ್ಬರೇ ಹೆಣಗುತ್ತಿದ್ದಾರೆ. ಸರಿಯಾಗಿ ಅದೇ ಹೊತ್ತಿಗೆ ಫೋನಿನಲ್ಲೊಂದು ವಿಡಿಯೊ ಬರುತ್ತದೆ. ಸಮವಸ್ತ್ರದ ಹುಡುಗರು ಸಾಲಾಗಿ ಓಡುತ್ತಿದ್ದಾರೆ, ಹಿಂದಿನಿಂದ ಡ್ರಮ್ಮಿನ ಸದ್ದು, ಕೊನೆಯಲ್ಲೊಬ್ಬ ಹುಡುಗ ಅಳುತ್ತ ಅಮ್ಮನ ಕಾಲಿಗೆ ಬೀಳುತ್ತಾನೆ. ‘ಮೂವತ್ತೇ ದಿನ, ನಿಮ್ಮ ಮಗನನ್ನು ನಮಗೆ ಬಿಡಿ’ ಎಂದು ಕೆಳಗೆ ಹಠ ಬಿಡಿಸುವ ಶಿಬಿರವೊಂದರ ನಂಬರು.

ಆ ನಂಬರಿಗೆ ಫೋನು ಮಾಡುವ ಮೊದಲು ಒಂದೇ ಒಂದು ಮಾತು ನೆನಪಿಡಿ. ನಿಮಗೆ ಬೇಕೆನಿಸಿದಾಗ, ಇನ್ನೊಬ್ಬರ ಕಿವಿಗೆ ಬೀಳದಂತೆ, ನಿಮ್ಮ ಮಗುವಿನ ಜೊತೆ ಮಾತನಾಡಲು ಬಿಡದ ಜಾಗಕ್ಕೆ ಮಗುವನ್ನು ಕಳಿಸಬೇಡಿ. ಇವತ್ತು ಹೇಳುವುದೆಲ್ಲ ಇದನ್ನೇ.

ಈ ಶಿಬಿರಗಳ ಮೂಲ ಅಮೆರಿಕದ ಜೈಲು. 1983ರಲ್ಲಿ ಜಾರ್ಜಿಯಾ ಮತ್ತು ಒಕ್ಲಹೋಮಾ ರಾಜ್ಯಗಳಲ್ಲಿ ವಯಸ್ಕ ಕೈದಿಗಳಿಗೆಂದು ಸೈನ್ಯದ ಮಾದರಿಯ ಶಿಬಿರ ಶುರುವಾಯಿತು. ಅದು ಹುಡುಗರ ಜೈಲಿಗೆ ಬಂತು, ಆಮೇಲೆ ಹಣ ಕೊಡುವ ತಂದೆತಾಯಿಯರ ಬಾಗಿಲಿಗೂ ಬಂತು. ಫಲ ಏನು? ಸಂಶೋಧಕರು ಹತ್ತಾರು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಶಿಬಿರಕ್ಕೆ ಹೋದವರೂ ಹೋಗದವರೂ ಮತ್ತೆ ತಪ್ಪು ಮಾಡಿದ ಪ್ರಮಾಣ ಒಂದೇ. ಸೀಟಿ ಊದುವವನ ಎದುರು ಹುಡುಗ ತಲೆ ತಗ್ಗಿಸುತ್ತಾನೆ. ಮನೆಗೆ ಬಂದರೆ ಸೀಟಿ ಇಲ್ಲ. ಮನೆ ಅದೇ, ಗೆಳೆಯರು ಅವರೇ, ಜಗಳವೂ ಅದೇ.

ಫಲವಿಲ್ಲದ್ದು ಮಾರಾಟವಾಗುವುದು ಹೇಗೆ? ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಅಮೆರಿಕದ ಸಂಸತ್ತಿನ ಲೆಕ್ಕತಪಾಸಣಾ ಸಂಸ್ಥೆ, ಅಂದರೆ ನಮ್ಮ ಸಿಎಜಿಯಂಥದ್ದು, 2007ರಲ್ಲಿ ಈ ಶಿಬಿರಗಳಲ್ಲಿ ಸತ್ತ ಮಕ್ಕಳ ಹತ್ತು ಪ್ರಕರಣಗಳನ್ನು ಬಿಡಿಸಿ ನೋಡಿತು. ಮರುವರ್ಷ, 2008ರಲ್ಲಿ, ಅದರ ತನಿಖಾಧಿಕಾರಿಗಳು ಇನ್ನೊಂದು ಕೆಲಸ ಮಾಡಿದರು. ತಾವೇ ನೊಂದ ತಂದೆತಾಯಿಯರೆಂದು ಹೇಳಿಕೊಂಡು ಫೋನು ಹಚ್ಚಿದರು. ಮಕ್ಕಳೂ ಕಾಲ್ಪನಿಕ, ತೊಂದರೆಯೂ ಕಾಲ್ಪನಿಕ.

ಅಲ್ಲಿ ‘ನಿಮ್ಮ ಮಗುವಿಗೆ ಯಾವ ಶಿಬಿರ ಸರಿ ಎಂದು ನಿಷ್ಪಕ್ಷಪಾತವಾಗಿ ಸಲಹೆ ಕೊಡುತ್ತೇವೆ’ ಎನ್ನುವ ಸಂಸ್ಥೆಗಳಿವೆ. ಅಂಥ ಒಂದಕ್ಕೆ ಮೂರು ಸಲ ಫೋನು ಮಾಡಿದರು. ಮೂರು ಬೇರೆ ಬೇರೆ ತಂದೆತಾಯಿ, ಮೂರು ಬೇರೆ ಬೇರೆ ಮಕ್ಕಳು, ಬೇರೆ ಬೇರೆ ಕಷ್ಟ. ಆ ಕಡೆಯಿಂದ ಮೂರು ಸಲವೂ ಬಂದ ಸಲಹೆ ಒಂದೇ: ಮಿಸ್ಸೂರಿ ರಾಜ್ಯದ ಒಂದು ಶಿಬಿರ. ವಿಚಾರಿಸಿದರೆ, ಸಲಹೆ ಕೊಡುವ ಸಂಸ್ಥೆಯ ಒಡೆತನ ಮತ್ತು ಶಿಬಿರದ ಒಡೆತನ ಗಂಡ-ಹೆಂಡತಿಯದು! ಮಗುವನ್ನು ನೋಡಿಲ್ಲ, ಡಾಕ್ಟರ ಚೀಟಿ ಕೇಳಿಲ್ಲ, ಶಾಲೆಯ ಮೇಷ್ಟರನ್ನು ಮಾತಾಡಿಸಿಲ್ಲ. ಅಮ್ಮನ ದನಿಯಲ್ಲಿರುವ ಗಾಬರಿ ಕೇಳಿಯೇ ಔಷಧ ಬರೆದಾಯಿತು. ಇನ್ನೊಂದು ಕಡೆ, ಶಿಬಿರದ ಶುಲ್ಕವನ್ನು ನೆಂಟರಿಷ್ಟರ ಕೈಯಿಂದ ದತ್ತಿಯೆಂದು ಕೊಡಿಸಿ, ತೆರಿಗೆ ವಿನಾಯಿತಿ ಪಡೆಯಿರಿ ಎಂದು ಹೇಳಿಕೊಟ್ಟರು. ಸರ್ಕಾರಕ್ಕೆ ಸುಳ್ಳು ಹೇಳಲು ಹೇಳಿಕೊಡುವವರು ಮಗುವಿಗೆ ಶಿಸ್ತು ಕಲಿಸುತ್ತಾರಂತೆ!

ಇದೆಲ್ಲ ದೂರದ ಕಥೆ ಅನ್ನಬೇಡಿ. ವಿಧಾನ ಎಲ್ಲಿಯಾದರೂ ಇದೇ. ಮೊದಲು ಹತ್ತು ಪ್ರಶ್ನೆಗಳ ಪಟ್ಟಿ: ಮಗ ಬಾಗಿಲು ಹಾಕಿಕೊಳ್ಳುತ್ತಾನೆಯೇ, ಸಿಟ್ಟು ಬರುತ್ತದೆಯೇ, ತಡವಾಗಿ ಏಳುತ್ತಾನೆಯೇ? ಕುಮಟೆಯಿಂದ ಶಿರಸಿಯವರೆಗೆ ಹದಿನೈದರ ಯಾವ ಹುಡುಗನಿಗೆ ಇದು ಹೌದಲ್ಲ? ಆಮೇಲೆ ‘ಕೌನ್ಸೆಲರ್’ ಫೋನು. ಅಲ್ಲಿ ಮಾತಾಡುವವರು ಸೀಟು ತುಂಬಿಸುವವರು. ಎರಡೇ ಸೀಟು ಉಳಿದಿದೆ, ಇವತ್ತೇ ಮುಂಗಡ ಹಾಕಿ ಎನ್ನುತ್ತಾರೆ. ಎಲ್ಲದರ ಕೊನೆಗೆ ಬರುವ ಮಾತೇ ಅತಿ ಅಪಾಯದ್ದು: ‘ಮೊದಲ ವಾರ ಅವನು ಅಳುತ್ತಾನೆ, ಹೊಡೆದರು ಎನ್ನುತ್ತಾನೆ, ಊಟವಿಲ್ಲ ಎನ್ನುತ್ತಾನೆ. ಅದು ನಾಟಕ, ನೀವು ಕರಗಬೇಡಿ.’ ಮಗು ಬಾಯಿ ಬಿಡುವ ಮೊದಲೇ ನಿಮ್ಮ ಕಿವಿ ಮುಚ್ಚಿಸಿದಂತಾಯಿತು. ನಾಳೆ ನಿಜವಾಗಿ ಹೊಡೆದರೂ ನೀವು ನಂಬುವುದಿಲ್ಲ. ಅದಕ್ಕೇ ಮತ್ತೆ ಹೇಳುತ್ತೇನೆ, ಮಗುವಿನ ಜೊತೆ ಒಂಟಿಯಾಗಿ ಮಾತನಾಡಲು ಬಿಡದ ಜಾಗ ಬೇಡ.

ಕಾರವಾರದಲ್ಲಿ ಸಮವಸ್ತ್ರಕ್ಕೆ ಗೌರವ ಹೆಚ್ಚು. ನೌಕಾನೆಲೆಯ ಊರು, ಅದು ಸಹಜ. ಆದರೆ ಸೈನ್ಯ ತೆಗೆದುಕೊಳ್ಳುವುದು ತಾವಾಗಿ ಅರ್ಜಿ ಹಾಕಿ, ವೈದ್ಯಕೀಯ ಪರೀಕ್ಷೆ ಪಾಸಾಗಿ ಬಂದವರನ್ನು. ಮೈಯ ಮಟ್ಟಿಗೂ ಇದು ದೊಡ್ಡ ವ್ಯತ್ಯಾಸ. ನಮ್ಮ ಕರಾವಳಿಯ ಏಪ್ರಿಲ್-ಮೇ ಸೆಕೆಯಲ್ಲಿ ಬೆವರು ಸುರಿಯುತ್ತದೆ, ಆರುವುದಿಲ್ಲ. ಬೆವರು ಆರದಿದ್ದರೆ ಮೈ ತಣಿಯುವುದಿಲ್ಲ. ದೇಹ ಬಿಸಿಲಿನ ದುಡಿತಕ್ಕೆ ಒಗ್ಗಲು ಒಂದರಿಂದ ಎರಡು ವಾರ ಬೇಕು. ಕೋಣೆಯಲ್ಲಿ ಮೊಬೈಲು ಹಿಡಿದು ಕೂತಿದ್ದ ಹುಡುಗನನ್ನು ಮೊದಲ ದಿನವೇ ಓಡಿಸಿದರೆ ಮೈಯ ತಾಪ 40 ಡಿಗ್ರಿ ಸೆಲ್ಸಿಯಸ್ ದಾಟಬಹುದು. ಆಗ ಹುಡುಗ ತೂರಾಡುತ್ತಾನೆ, ಏನೇನೋ ಮಾತಾಡುತ್ತಾನೆ, ಬೀಳುತ್ತಾನೆ. ಆ ಹೊತ್ತಿಗೆ ನೆರಳಿಗೆ ಎಳೆದು, ಬಟ್ಟೆ ಸಡಿಲಿಸಿ, ಮೈ ತುಂಬ ತಣ್ಣೀರು ಸುರಿದು, ಗಾಳಿ ಬೀಸುತ್ತ ಆಸ್ಪತ್ರೆಗೆ ಒಯ್ಯಬೇಕು. ಶಿಬಿರದಲ್ಲಿ ಆಗುವುದು ಇದಲ್ಲ. ‘ನಾಟಕ ಮಾಡುತ್ತಿದ್ದಾನೆ, ಎಬ್ಬಿಸಿ’ ಎನ್ನುತ್ತಾರೆ.

2006ರ ಜನವರಿಯಲ್ಲಿ ಫ್ಲೋರಿಡಾದ ಪನಾಮ ಸಿಟಿಯ ಸರ್ಕಾರಿ ಶಿಬಿರದಲ್ಲಿ 14 ವರ್ಷದ ಮಾರ್ಟಿನ್ ಲೀ ಆ್ಯಂಡರ್ಸನ್ ಮೊದಲ ದಿನದ ಓಟದಲ್ಲೇ ‘ನನ್ನಿಂದಾಗದು’ ಎಂದು ನಿಂತ. ಕಾವಲಿನವರು ಅವನನ್ನು ಹಿಡಿದು ಹೊಡೆದರು, ಬಾಯಿ ಮುಚ್ಚಿ ಮೂಗಿಗೆ ಘಾಟಿನ ಅಮೋನಿಯ ಒತ್ತಿದರು. ನರ್ಸ್ ಪಕ್ಕದಲ್ಲೇ ನಿಂತಿದ್ದರು. ಎಲ್ಲ ಕ್ಯಾಮೆರಾದಲ್ಲಿದೆ. ಹುಡುಗ ಮರುದಿನ ಆಸ್ಪತ್ರೆಯಲ್ಲಿ ತೀರಿಕೊಂಡ. ಎರಡನೇ ಮರಣೋತ್ತರ ಪರೀಕ್ಷೆ ಉಸಿರುಗಟ್ಟಿ ಸಾವು ಎಂದಿತು. ಆ ವರ್ಷವೇ ಫ್ಲೋರಿಡಾ ಹುಡುಗರ ಇಂಥ ಶಿಬಿರಗಳನ್ನು ಮುಚ್ಚಿತು. 2009ರಲ್ಲಿ ಚೀನಾದ ಗುವಾಂಗ್ಶಿಯಲ್ಲಿ ಇಂಟರ್‌ನೆಟ್ ಚಟ ಬಿಡಿಸುವ ಶಿಬಿರಕ್ಕೆ ಸೇರಿಸಿದ 15ರ ಹುಡುಗನೊಬ್ಬ ಒಂದು ದಿನದೊಳಗೆ ಹೆಣವಾದ.

ಬಂಗಡೆ ಕೊಳ್ಳುವಾಗ ಕಿವಿರು ಎತ್ತಿ ನೋಡುತ್ತೀರಲ್ಲ, ಮಗನನ್ನು ಒಪ್ಪಿಸುವಾಗ ಅಷ್ಟಾದರೂ ನೋಡಬೇಡವೇ? ಬಾಲನ್ಯಾಯ ಕಾಯ್ದೆಯಡಿ ನೋಂದಣಿ ಇದೆಯೇ, ಪ್ರಮಾಣಪತ್ರ ತೋರಿಸಿ ಎನ್ನಿ. ರಾತ್ರಿ ಮಕ್ಕಳ ಕೋಣೆಯ ಹತ್ತಿರ ಮಲಗುವವರು ಯಾರು, ಹುಡುಗಿಯರಾದರೆ ಅಲ್ಲಿ ಹೆಂಗಸರಿದ್ದಾರೆಯೇ? ಯಾವ ಆಸ್ಪತ್ರೆಗೆ ಒಯ್ಯುತ್ತೀರಿ, ಎಷ್ಟು ನಿಮಿಷದ ದಾರಿ? ದಮ್ಮಿನ ಪಂಪು, ಮೂರ್ಛೆರೋಗದ ಮಾತ್ರೆ ಯಾರ ಕೈಯಲ್ಲಿರುತ್ತದೆ? ಬಾಗಿಲಲ್ಲೇ ಚೀಲ ಕಸಿದು ಮಾತ್ರೆ ತೆಗೆದಿಟ್ಟರೆ ಎರಡು-ಮೂರು ದಿನದಲ್ಲೇ ಫಿಟ್ಸ್ ಬರಬಹುದು. ‘ಏನಾದರೂ ಆದರೆ ನಾವು ಹೊಣೆಯಲ್ಲ’ ಎಂಬ ಕಾಗದಕ್ಕೆ ಸಹಿ ಕೇಳಿದರೆ ಅಲ್ಲಿಂದಲೇ ಎದ್ದು ಬನ್ನಿ.

ಕಾನೂನೂ ನಿಮ್ಮ ಕಡೆಗಿದೆ. 2015ರ ಬಾಲನ್ಯಾಯ ಕಾಯ್ದೆಯ 75ನೇ ಕಲಂ ಪ್ರಕಾರ, ಮಗುವನ್ನು ನೋಡಿಕೊಳ್ಳಬೇಕಾದ ಸಂಸ್ಥೆಯವರೇ ಕ್ರೌರ್ಯ ಮಾಡಿದರೆ ಐದು ವರ್ಷದವರೆಗೆ ಕಠಿಣ ಸಜೆ, ಐದು ಲಕ್ಷದವರೆಗೆ ದಂಡ. ‘ನಮ್ಮಲ್ಲಿ ಚಿಕಿತ್ಸೆ ಕೊಡುತ್ತೇವೆ’ ಎಂದರೆ 2017ರ ಮಾನಸಿಕ ಆರೋಗ್ಯ ಕಾಯ್ದೆ ನೆನಪಿಸಿ. 18 ತುಂಬದ ಮಗುವನ್ನು ಮಾನಸಿಕ ಚಿಕಿತ್ಸೆಗೆ ಒಳರೋಗಿಯಾಗಿ ಇಟ್ಟುಕೊಳ್ಳಬೇಕಾದರೆ ಮನೆಯವರೊಬ್ಬರು ಅಥವಾ ನೇಮಿಸಿದ ಸಹಾಯಕರು ಪೂರ್ತಿ ಅವಧಿ ಮಗುವಿನ ಜೊತೆಗೇ ಇರಬೇಕು. ಕಾಯ್ದೆ ಜೊತೆಗಿರಿ ಎನ್ನುತ್ತದೆ, ಶಿಬಿರ ತಿಂಗಳು ಮುಖ ನೋಡಬೇಡಿ ಎನ್ನುತ್ತದೆ!

ಸಮಯ ಮುಗಿಯುತ್ತ ಬಂತು, ಮನೆಯಲ್ಲಿ ಮಾಡುವುದನ್ನು ಬೇಗ ಹೇಳಿಬಿಡುತ್ತೇನೆ. ಒಂದು ಸಲಕ್ಕೆ ಒಂದೇ ಕೆಲಸ ಹೇಳಿ, ಹೇಳಿ ಸುಮ್ಮನಾಗಿ. ಶಿಕ್ಷೆ ಚಿಕ್ಕದಿರಲಿ, ಅದೇ ದಿನದ್ದಿರಲಿ, ಮರುದಿನಕ್ಕೆ ಮುಗಿಯಲಿ. ತಿಂಗಳಿಡೀ ಮೊಬೈಲು ಕಸಿದರೆ ಎರಡನೇ ದಿನವೇ ಹುಡುಗನಿಗೆ ಕಳೆದುಕೊಳ್ಳುವುದು ಏನೂ ಉಳಿದಿರುವುದಿಲ್ಲ. ರಾತ್ರಿ ಹತ್ತಕ್ಕೆ ಎಲ್ಲರ ಮೊಬೈಲೂ ಜಗಲಿಯಲ್ಲಿ ಚಾರ್ಜಿಗೆ, ನಿಮ್ಮದೂ. ಎರಡು ವಾರದಿಂದ ನಿದ್ದೆ, ಊಟ, ಗೆಳೆಯರು ಎಲ್ಲ ಬಿಟ್ಟಿದ್ದರೆ ಅದು ಹಠವಲ್ಲ, ಖಿನ್ನತೆ ಇರಬಹುದು. ಡಾಕ್ಟರಿಗೆ ತೋರಿಸಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮನಸ್ 14416ಕ್ಕೆ ಯಾವ ಹೊತ್ತಿನಲ್ಲೂ ಫೋನು ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೊಡಬೇಕಿಲ್ಲ. ಕಾರವಾರದ ಮೆಡಿಕಲ್ ಕಾಲೇಜು ಆಸ್ಪತ್ರೆ ಇದೆ. ನಿಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಮನೋವೈದ್ಯರು ಬರುವ ದಿನ ಯಾವುದೆಂದು ಕೇಳಿ.

ಮಗುವನ್ನು ಈಗಾಗಲೇ ಕಳಿಸಿದ್ದೀರಾ? ಹಾಗಾದರೆ ನಾಳೆ ಬೆಳಗ್ಗೆ ಹೊರಡಿ, ಫೋನು ಮಾಡಿ ತಿಳಿಸಬೇಡಿ. ಮಗನ ಜೊತೆ ಗೇಟಿನವರೆಗೆ ನಡೆಯಿರಿ, ಸಿಬ್ಬಂದಿ ಜೊತೆಗೆ ಬರುವುದು ಬೇಡ ಎನ್ನಿ. ಪಾದ, ಮೊಣಕೈ, ಬೆನ್ನು ನೋಡಿ. ‘ಹೊಡೆದರಾ’ ಎಂದು ಕೇಳಬೇಡಿ, ಹೆದರಿ ಇಲ್ಲ ಎನ್ನುತ್ತಾನೆ. ನಿನ್ನೆ ಏನು ಊಟ ಮಾಡಿದೆ, ಎಷ್ಟು ಗಂಟೆಗೆ ಮಲಗಿದೆ, ಓಡಲು ಆಗದವರನ್ನು ಏನು ಮಾಡುತ್ತಾರೆ ಎಂದು ಕೇಳಿ. ಒಂಟಿಯಾಗಿ ಬಿಡದಿದ್ದರೆ ಗೇಟಿನಲ್ಲೇ ನಿಂತು ಮಕ್ಕಳ ಸಹಾಯವಾಣಿ 1098ಕ್ಕೆ ಫೋನು ಮಾಡಿ, ಯಾರಾದರೂ ಬರುವವರೆಗೆ ಅಲ್ಲಿಂದ ಕದಲಬೇಡಿ. ರಸೀದಿ, ಸಹಿ ಹಾಕಿದ ಫಾರ್ಮಿನ ಫೋಟೊ, ವಾಟ್ಸಾಪ್ ಸಂದೇಶ ಯಾವುದನ್ನೂ ಅಳಿಸಬೇಡಿ. ಕಟ್ಟಿದ ಹಣದ ಮಾತು ಆಮೇಲೆ, ಮೊದಲು ಮಗ ನಿಮ್ಮ ಜೊತೆ ಬಸ್ಸು ಹತ್ತಲಿ. ನಮಸ್ಕಾರ.