ಮೊಬೈಲಿನೊಳಗೊಂದು ಕೌದಿ

ನಮಸ್ಕಾರ. ಕೊಪ್ಪಳದ ನಮ್ಮ ಓಣಿಯಲ್ಲಿ ಇಪ್ಪತ್ತೆರಡು ವರ್ಷದ ಹುಡುಗಿಯೊಬ್ಬಳಿದ್ದಾಳೆ. ಮೊಬೈಲಿನಲ್ಲೇ ಚಿತ್ರಗಳನ್ನು ಕತ್ತರಿಸಿ, ಒಂದರ ಮೇಲೊಂದು ಹೊಂದಿಸಿ ಕೊಲಾಜ್ ಮಾಡುತ್ತಾಳೆ. "ಅವರಿವರ ಫೋಟೊ ಅಂಟಿಸುವುದೂ ಒಂದು ಕಲೆಯೇ?" ಎಂದು ಮೂಗು ಮುರಿಯುವವರನ್ನು ನಾನು ಕೇಳುತ್ತೇನೆ: ನೀವು ಹೊದ್ದು ಬೆಳೆದ ಕೌದಿಯ ಬಟ್ಟೆಯನ್ನು ನಿಮ್ಮ ಅಜ್ಜಿ ನೇಯ್ದಿದ್ದಳೇ? ಹಳೆಯ ಸೀರೆ, ಹರಿದ ಧೋತರ, ಕೂಸಿನ ಅಂಗಿ, ಇವುಗಳಲ್ಲಿ ಯಾವುದರ ಪಕ್ಕ ಯಾವುದು ಕೂರಬೇಕೆಂದು ಬಲ್ಲ ಕಣ್ಣು ಅವಳದಾಗಿತ್ತು. ಕೌದಿ ಅವಳದಾದದ್ದು ಅದರಿಂದಲೇ.

ಮೊದಲ ಮಹಾಯುದ್ಧದ ನಂತರ ಬರ್ಲಿನ್‌ನಲ್ಲಿ ಪತ್ರಿಕೆಗಳ ಚಿತ್ರ ಕತ್ತರಿಸಿ ಫೋಟೊಮಾಂಟೇಜ್‌ಗೆ, ಅಂದರೆ ಫೋಟೊ ತುಂಡುಗಳನ್ನು ಜೋಡಿಸುವ ಕಲೆಗೆ, ಹೊಸ ದಾರಿ ತೋರಿದ ಜರ್ಮನ್ ಕಲಾವಿದೆ ಹನ್ನಾ ಹೋಖ್ ಹೊಟ್ಟೆಪಾಡಿಗೆ ಮಾಡುತ್ತಿದ್ದುದು, ಪ್ರಕಾಶನ ಸಂಸ್ಥೆಯೊಂದರಲ್ಲಿ ಕಸೂತಿ, ಲೇಸ್‌ಗಳ ವಿನ್ಯಾಸ ಬರೆಯುವ ಕೆಲಸ. ನನಗದು ಆಶ್ಚರ್ಯ ಹುಟ್ಟಿಸಲಿಲ್ಲ.

ಹಾಗೆಂದು ಈ ಹುಡುಗಿಯ ಮೊದಮೊದಲ ಕೆಲಸವನ್ನು ಹೊಗಳಲಾರೆ. ಅಂತರ್ಜಾಲದಿಂದ ಇಳಿಸಿದ ಚಂದ್ರ, ತಿಮಿಂಗಿಲ, ಯಾವುದೋ ದೇಶದ ರೂಪದರ್ಶಿ, ನಲವತ್ತು ಪದರ. ಕಣ್ಣು ಊರಲು ಜಾಗವೇ ಇರುತ್ತಿರಲಿಲ್ಲ. ಒಮ್ಮೆ ಯಾರೋ ಅವಳ ಚಿತ್ರವನ್ನು ಕೇಳದೆ, ಹೆಸರೂ ಹಾಕದೆ ಕಾರ್ಯಕ್ರಮದ ಬ್ಯಾನರಿಗೆ ಬಳಸಿಕೊಂಡರು. ಎರಡು ದಿನ ಅತ್ತಳು. ಮೂರನೆಯ ದಿನ ಬಂದು, "ಕಾಕಾ, ಅದರೊಳಗಿನ ಚಂದ್ರ ಯಾರದು?" ಎಂದಳು. ನಮ್ಮ ಕಾಯ್ದೆಯ ಪ್ರಕಾರ ಫೋಟೊದ ಹಕ್ಕು ಅದನ್ನು ತೆಗೆದವರು ಬದುಕಿರುವವರೆಗೂ, ಅವರು ತೀರಿಕೊಂಡ ಮೇಲೆ ಇನ್ನೂ 60 ವರ್ಷವೂ ಉಳಿಯುತ್ತದೆ ಎಂದು ಓದಿ ತಿಳಿಸಿದವಳೂ ಅವಳೇ. ಅವಳು ಕಲಾವಿದೆಯಾದದ್ದು ಆ ಪ್ರಶ್ನೆ ಕೇಳಿದ ದಿನ ಎಂದೇ ನಾನು ನಂಬಿದ್ದೇನೆ.

ಆಮೇಲೆ ತನ್ನ ತುಂಡುಗಳನ್ನು ತಾನೇ ಹುಡುಕತೊಡಗಿದಳು. ಹಿರೇಬೆಣಕಲ್ಲಿನ ಗುಡ್ಡ ಹತ್ತಿ, ಜನ ಮೋರ್ಯರ ಮನೆ ಎನ್ನುವ ಬೃಹತ್ ಶಿಲಾಯುಗದ ಕಲ್ಲುಗೋರಿಗಳ ಫೋಟೊ ತೆಗೆದಳು. ಅಜ್ಜಿಯ ಇಳಕಲ್ ಸೀರೆಯನ್ನು ಬಿಸಿಲಿಗೆ ಹಾಸಿ ಸೆರಗನ್ನು ಸೆರೆಹಿಡಿದಳು. ಹೊಸ ಕೊಲಾಜ್‌ನಲ್ಲಿ ಆರೇ ತುಂಡುಗಳಿವೆ. ಗೋರಿಯ ಚಪ್ಪಡಿಯಲ್ಲಿರುವ ದುಂಡನೆಯ ಕಿಂಡಿಯಿಂದ ಕೆಂಪು ಸೆರಗು ಹೊರಬಂದು ಬಂಡೆಯ ಮೇಲೆ ಇಳಿದಿದೆ. ಕತ್ತರಿಸಿದ ಅಂಚಿನ ಬಿಳಿ ಗೆರೆಯನ್ನು ಅಳಿಸಲು ಮೊದಲು ಗಂಟೆಗಟ್ಟಲೆ ಹೆಣಗುತ್ತಿದ್ದಳು. ಈಗ ಬೇಕೆಂದೇ ಉಳಿಸಿದ್ದಾಳೆ. ಕೌದಿಗೆ ಹಾಕಿದ ಹೊಲಿಗೆಯಂತೆ ಅದು ಎದ್ದು ಕಾಣುತ್ತದೆ.

ಇದಕ್ಕೆ ಎರಡು ತಿಂಗಳು ಹಿಡಿಯಿತು. ದಿನಕ್ಕೊಂದು ಚಿತ್ರ ಹಾಕು, ಜನ ಮರೆತುಬಿಡುತ್ತಾರೆ ಎಂದು ಅವಳಿಗೆ ಬುದ್ಧಿ ಹೇಳುವವರು ದಯವಿಟ್ಟು ಸುಮ್ಮನಿರಿ. ಬ್ಯಾನರ್ ಮಾಡಿಸುವವರೇ, ಮೊದಲು ಕೇಳಿ, ಹೆಸರು ಹಾಕಿ, ದುಡ್ಡು ಕೊಡಿ.

ಚಿತ್ರ ಮುಗಿದ ಸಂಜೆ ಅಜ್ಜಿ ಮೊಬೈಲನ್ನು ಕಣ್ಣಿನ ಹತ್ತಿರ ಹಿಡಿದು, ಸೆರಗಿನ ಒಂದು ಮೂಲೆಯ ಮೇಲೆ ಬೆರಳಿಟ್ಟರು. "ಇಲ್ಲಿ ಹರಿದಿತ್ತು, ನಾನೇ ಹೊಲಿದಿದ್ದೆ" ಎಂದರು. ಆ ಹೊಲಿಗೆಯೂ ಚಿತ್ರದಲ್ಲಿತ್ತು.